ಮೇಷ್ಟ್ರಿಗೆ ಕಲಿಸಿದ ಪಾಠ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ನರ್ಸ್ ಕೆಲಸ ಬಿಟ್ಟು ವರ್ಷಗಳೇ ಆಗಿದ್ದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಯಾರ ಮನೆಯ ಮಗುವಿಗೆ ಜ್ವರ ಬಂದರೂ, ಯಾರ ಅಜ್ಜನ ಗಾಯಕ್ಕೆ ಬ್ಯಾಂಡೇಜು ಬದಲಾಯಿಸಬೇಕಾದರೂ ಮೊದಲು ತಟ್ಟುತ್ತಿದ್ದದ್ದು ಅವಳ ಮನೆಯ ಬಾಗಿಲನ್ನೇ.

ಕೆಲಸ ಬಿಟ್ಟದ್ದು ಅತ್ತೆಗಾಗಿ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಗಂಡ, "ಸ್ವಲ್ಪ ದಿನ ರಜೆ ಹಾಕು" ಎಂದಿದ್ದ. ರಜೆ ಮುಗಿದ ಮೇಲೆ "ಇನ್ನೂ ಸ್ವಲ್ಪ ದಿನ" ಎಂದ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಅತ್ತೆ ಕೋಲು ಹಿಡಿದು ಮನೆಯೆಲ್ಲ ಓಡಾಡುವಂತಾದರು. ಸೊಸೆಯ ಕೆಲಸ ಮಾತ್ರ ಮತ್ತೆ ಎದ್ದು ನಿಲ್ಲಲಿಲ್ಲ.

ಗಂಡ ದೊಡ್ಡ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿದ್ದ. ಆ ವಿಭಾಗದವರು ರೋಗಿಗಳನ್ನು ನೋಡುವುದಿಲ್ಲ, ರೋಗಿಗಳ ಫೈಲುಗಳನ್ನು ನೋಡುತ್ತಾರೆ. ಎದೆನೋವೆಂದು ಬಂದವರ ಫೈಲುಗಳನ್ನು ತೆಗೆದು, ಯಾವ ಹೊತ್ತಿಗೆ ಬಂದರು, ಮೊದಲ ಸಲ ನೋಡಿದಾಗ ಬಿ.ಪಿ. ಎಷ್ಟಿತ್ತು, ಸಕ್ಕರೆ ಕಾಯಿಲೆ ಇತ್ತೇ, ಇಂಜೆಕ್ಷನ್ ಯಾವಾಗ ಕೊಟ್ಟರು ಎಂದು ಹುಡುಕಿ ಕಂಪ್ಯೂಟರಿಗೆ ತುಂಬುವುದು ಅವರ ಕೆಲಸ. ಕೇಳಿದರೆ ಇದೇನು ಮಹಾ ಅನಿಸುತ್ತದೆ. ಆದರೆ ಒಬ್ಬ ಡಾಕ್ಟರ ಬರಹ ಇರುವೆ ಮಸಿಯಲ್ಲಿ ಬಿದ್ದೆದ್ದು ಓಡಿದ ಹಾಗಿರುತ್ತದೆ, ಇನ್ನೊಬ್ಬರು ಅರ್ಧ ಬರೆದು ಎದ್ದು ಹೋಗಿರುತ್ತಾರೆ. ತುಂಬುವವರು ತಮಗೆ ತೋಚಿದ್ದನ್ನು ತುಂಬುತ್ತಾ ಹೋದರೆ ಇಡೀ ಸಂಶೋಧನೆ ನೀರಿನಲ್ಲಿ ಹೋಮ. ಅದಕ್ಕಾಗಿ ಫೈಲು ಮುಟ್ಟುವ ಮೊದಲು ಎಲ್ಲರೂ ಆನ್‌ಲೈನ್ ತರಬೇತಿ ಮುಗಿಸಬೇಕು. ವೀಡಿಯೊ ಪಾಠ, ಅಭ್ಯಾಸಕ್ಕೆ ಕಟ್ಟಿದ ಸುಳ್ಳು ರೋಗಿಗಳ ಫೈಲು, ಪ್ರಶ್ನೆಗಳು, ಕೊನೆಗೆ ಸರ್ಟಿಫಿಕೇಟು.

ಆ ತರಬೇತಿಯನ್ನು ಗಂಡನ ಹೆಸರಿನಲ್ಲಿ ಮುಗಿಸಿದವಳು ಸಿಸ್ಟರ್.

"ನಿನಗಾದ್ರೆ ಆಸ್ಪತ್ರೆ ಭಾಷೆ ಗೊತ್ತು ಕಣೇ. ನನಗೆ ಆ ವೀಡಿಯೊ ಹಾಕಿದ ಕೂಡಲೇ ಕಣ್ಣು ಎಳೆಯುತ್ತೆ. ಸ್ವಲ್ಪ ನೋಡಿಬಿಡು" ಎಂದು ಲ್ಯಾಪ್‌ಟಾಪನ್ನು ನಡುಮನೆಯ ಮೇಜಿನ ಮೇಲೆ ಬಿಟ್ಟು ಹೋಗಿದ್ದ. ಅವಳು ಮಧ್ಯಾಹ್ನ ಊಟವಾದ ಮೇಲೆ ಕೂತು ಒಂದೊಂದೇ ಪಾಠ ಕೇಳಿದಳು. ಅತ್ತೆ ಪಕ್ಕದ ದಿವಾನದ ಮೇಲೆ ಕಾಲು ಚಾಚಿ ತಾವೂ ಕೇಳಿದರು. ಪಾಠ ಹೇಳುವ ಹೆಂಗಸಿನ ದನಿ ಅವರಿಗೆ ಹಿಡಿಸಿಬಿಟ್ಟಿತ್ತು. "ಪಾಪ, ಎಷ್ಟು ಬಿಡಿಸಿ ಬಿಡಿಸಿ ಹೇಳ್ತಾಳೆ. ನಮ್ಮ ಮನೇಲಿ ಯಾರೂ ನನಗೆ ಇಷ್ಟು ಬಿಡಿಸಿ ಹೇಳಿದ್ದಿಲ್ಲ" ಎನ್ನುತ್ತಿದ್ದರು.

ಗಂಡನ ಹೆಸರಿಗೆ ಎಂಥ ಅಂಕ ಬಂತೆಂದರೆ, ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಅವನನ್ನು ಕರೆದು ಬೆನ್ನು ತಟ್ಟಿ, ಹೊಸಬರಿಗೆ ಪಾಠ ಹೇಳುವ ಕೆಲಸ ವಹಿಸಿದರು. ಅಂದಿನಿಂದ ಆಫೀಸಿನಲ್ಲಿ ಅವನು ಮೇಷ್ಟ್ರು. ಮೇಷ್ಟ್ರು ಫೈಲು ಮುಟ್ಟುವುದೂ ನಿಂತಿತು. ಸಿಸ್ಟರ್ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ, ಯಾರಾದರೂ ತಿರುಗಿ ಪ್ರಶ್ನೆ ಕೇಳಿದರೆ "ಒಳ್ಳೆ ಪ್ರಶ್ನೆ. ನಾಳೆ ಎಲ್ಲರಿಗೂ ಸೇರಿಸಿ ಹೇಳ್ತೀನಿ" ಎಂದು ಮನೆಗೆ ತರುತ್ತಿದ್ದ.

ಅವಳಿಗೆ ಇದರಿಂದ ಬೇಸರವಿರಲಿಲ್ಲ. ಸೌಟು ಹಿಡಿದ ಕೈಗೆ ಮತ್ತೆ ಆಸ್ಪತ್ರೆಯ ಕಾಗದಗಳು ಸಿಕ್ಕಿದ್ದು ಅವಳಿಗೆ ಸುಖವೇ ಆಗಿತ್ತು. ಹಾಗಾಗಿ ಅದೇ ವಿಭಾಗದಲ್ಲಿ ಫೈಲು ಓದುವವರು ಬೇಕೆಂದು ಕರೆದಾಗ ಅವಳು ಅರ್ಜಿ ಹಾಕಿದಳು. "ಹಾಕು ಹಾಕು, ನಾನಿದ್ದೀನಲ್ಲ" ಎಂದ ಗಂಡ. ಕರೆ ಬರಲಿಲ್ಲ. ಕೇಳಿದ್ದಕ್ಕೆ, "ವಯಸ್ಸು ನೋಡಿದ್ರು ಕಣೇ. ನಾನು ಎಷ್ಟೋ ಹೇಳಿದೆ. ಮೇಲಿನವರ ಮಾತು, ನಮ್ಮದೇನು ನಡೆಯುತ್ತೆ?" ಎಂದು ಅವಳ ಭುಜ ಸವರಿದ. ಅವಳು ನಂಬಿದಳು.

ಆ ಕೆಲಸ ಸಿಕ್ಕಿದ್ದು ಕಾಂಪೌಂಡರಿಗೆ. ಅವರು ಸಿಸ್ಟರಿಗಿಂತಲೂ ದೊಡ್ಡವರು, ತಲೆ ಪೂರ್ತಿ ಬೆಳ್ಳಗಾದ ಮನುಷ್ಯ. ಜೀವನವೆಲ್ಲ ಒಬ್ಬ ಡಾಕ್ಟರ ಬಳಿ ಔಷಧ ಕಟ್ಟಿಕೊಟ್ಟಿದ್ದರು. ಡಾಕ್ಟರು ತೀರಿಕೊಂಡು ಕ್ಲಿನಿಕ್ಕಿಗೆ ಬೀಗ ಬಿದ್ದ ಮೇಲೆ ಮನೆಯಲ್ಲಿ ಸುಮ್ಮನೆ ಕೂತಿದ್ದವರು. ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರ ಹತ್ತಿರ ಏನೋ ಕೇಳಲೆಂದು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದರು. ಮೇಷ್ಟ್ರು ಕ್ಷೌರಕ್ಕೆ ಹೋಗಿದ್ದ. ಸಿಸ್ಟರ್ ಕೂರಿಸಿ ಟೀ ಕೊಟ್ಟಳು.

ಕಾಂಪೌಂಡರು ಟೀ ಕುಡಿಯುತ್ತಾ ಅವಳನ್ನೇ ಒಂದು ಥರ ಮರುಕದಿಂದ ನೋಡಿದರು. "ಈಗ ಹೇಗಿದೆ ಸಿಸ್ಟರ್?"

"ಏನು ಹೇಗಿದೆ?"

"ಅದೇ... ಮರೆವು. ಹೇಳಬಾರದೇನೋ. ಡಾಕ್ಟರಮ್ಮನೇ ಹೇಳಿದ್ರು. ಪಟ್ಟೀಲಿ ಮೊದಲನೇ ಹೆಸರು ನಿಮ್ಮದೇ ಇತ್ತಂತೆ. ಮೇಷ್ಟ್ರೇ ಹೋಗಿ, ಮರೆವಿನ ತೊಂದರೆ ಇದೆ, ಹಿಂದೆ ಒಬ್ಬರ ಔಷಧ ಇನ್ನೊಬ್ಬರಿಗೆ ಕೊಟ್ಟು ಆ ರೋಗಿ ಸಾಯೋ ಹಾಗಾಗಿತ್ತು, ಅದಕ್ಕೇ ಕೆಲಸ ಬಿಡಿಸಿದ್ರು ಅಂತ ಹೇಳಿದ್ರಂತೆ. ಎಂಥ ನಿಯತ್ತು ನೋಡಿ! ಸ್ವಂತ ಹೆಂಡತಿ ಅಂತಾನೂ ನೋಡಲಿಲ್ಲ. ಡಾಕ್ಟರಮ್ಮನಿಗೆ ಅವರ ಮೇಲೆ ಮರ್ಯಾದೆ ಇನ್ನೂ ಜಾಸ್ತಿ ಆಯ್ತು."

ಸಿಸ್ಟರ್ ಟ್ರೇ ಹಿಡಿದು ನಿಂತೇ ಇದ್ದಳು. ದಿವಾನದ ಮೇಲೆ ಅತ್ತೆ ಹಣ್ಣಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದರು.

"ಈಗ ಪರವಾಗಿಲ್ಲ" ಎಂದಳು ಸಿಸ್ಟರ್. "ಒಂದೊಂದೇ ನೆನಪಿಗೆ ಬರ್ತಾ ಇದೆ."

"ದೇವರು ದೊಡ್ಡವನು" ಎಂದು ಕಾಂಪೌಂಡರು ಕಪ್ಪು ಕೆಳಗಿಟ್ಟರು.

ಅವರು ಹೋದ ಮೇಲೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ವಾರ್ಡಿನಲ್ಲಿದ್ದಷ್ಟು ಕಾಲ ಅವಳು ಮಾತ್ರೆ ಕೊಡುವ ಮುಂಚೆ ರೋಗಿಯ ಬಾಯಿಂದಲೇ ಹೆಸರು ಹೇಳಿಸುತ್ತಿದ್ದಳು, ಕೈಗೆ ಕಟ್ಟಿದ ಹೆಸರಿನ ಪಟ್ಟಿ ನೋಡುತ್ತಿದ್ದಳು, ಔಷಧದ ಚೀಟಿ ನೋಡುತ್ತಿದ್ದಳು. ಮೂಗಿನ ಮೇಲೆ ಕೋಪವಿದ್ದ ರೋಗಿಗಳು "ನಿನ್ನೆಯಿಂದ ನನ್ನ ಹೆಸರೇನು ಬದಲಾಗಿಲ್ಲಮ್ಮ" ಎಂದು ರೇಗುತ್ತಿದ್ದರು. ಆದರೂ ಕೇಳದೆ ಕೊಟ್ಟವಳಲ್ಲ. ಬೇರೆ ಏನೆಂದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಸೋಮಾರಿ ಎನ್ನಬಹುದಿತ್ತು, ಜಗಳಗಂಟಿ ಎನ್ನಬಹುದಿತ್ತು. ಅವನು ಹುಡುಕಿ ಹುಡುಕಿ ಅವಳ ಒಂದೇ ಒಂದು ಹೆಮ್ಮೆಯ ಮೇಲೆ ಕಾಲಿಟ್ಟಿದ್ದ. ಅದೂ ಅವಳ ವಿದ್ಯೆಯನ್ನೇ ಉಂಡು ತೇಗಿದವನು.

ಕ್ಷೌರ ಮುಗಿಸಿ ಬಂದ ಗಂಡನ ಕತ್ತಿನ ಮೇಲೆ ಕೂದಲ ಚೂರುಗಳಿದ್ದವು. ಅವಳು ಟವೆಲು ತಂದು ಒರೆಸಿಕೊಟ್ಟಳು. ಒರೆಸುವಾಗ ಆ ಕತ್ತನ್ನು ಸ್ವಲ್ಪ ಹೊತ್ತು ನೋಡಿದಳು. ಜಗಳ ಮಾಡಿದರೆ ಅವನು ಕೈಮುಗಿಯುತ್ತಾನೆ, ಅಮ್ಮನ ಮುಂದೆ ಕಣ್ಣೀರು ಹಾಕುತ್ತಾನೆ, ಎರಡು ದಿನಕ್ಕೆ ಎಲ್ಲ ತಣ್ಣಗಾಗುತ್ತದೆ. ತಣ್ಣಗಾಗುವುದು ಅವಳಿಗೆ ಬೇಕಿರಲಿಲ್ಲ.

ಅವಕಾಶ ತಾನಾಗೇ ಮನೆ ಬಾಗಿಲಿಗೆ ಬಂತು. ವಿಭಾಗಕ್ಕೆ ಹೊಸದೊಂದು ದೊಡ್ಡ ಸಂಶೋಧನೆ ಸಿಕ್ಕಿತು. ಹೊಸ ಕೈಪಿಡಿ, ಹೊಸ ಆನ್‌ಲೈನ್ ತರಬೇತಿ. ಹಳಬರು, ಮೇಷ್ಟ್ರುಗಳು ಎನ್ನದೆ ಎಲ್ಲರೂ ಮೊದಲಿನಿಂದ ಕಲಿಯಬೇಕು. ಈ ಸಲ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಸಾಲದು. ಕೊನೆಯ ದಿನ ಕ್ಯಾಮೆರಾ ಮುಂದೆ ಕೂತು ಅಭ್ಯಾಸದ ಫೈಲು ಬಿಡಿಸಬೇಕು, ಹೊರಗಿನ ಪರೀಕ್ಷಕರೊಬ್ಬರು ಕೇಳಿದ್ದಕ್ಕೆ ಎಲ್ಲರ ಎದುರು ಬಾಯಲ್ಲೇ ಉತ್ತರಿಸಬೇಕು.

"ಕ್ಯಾಮೆರಾ ಹಾಕ್ತಾರಂತೆ ಕಣೇ, ನಿನ್ನ ಕೂರಿಸೋ ಹಾಗಿಲ್ಲ" ಎಂದು ಗಂಡ ತಲೆ ಕೆರೆದುಕೊಂಡ. "ನೀನು ಎಲ್ಲ ನೋಡಿ, ಮುಖ್ಯವಾದ್ದು ನಾಲ್ಕು ಮಾತಲ್ಲಿ ಹೇಳಿಬಿಡು. ಮಿಕ್ಕಿದ್ದು ನಾನು ನಿಭಾಯಿಸ್ತೀನಿ."

"ಆಗಲಿ, ಅದಕ್ಕೇನಂತೆ" ಎಂದಳು ಅವಳು.

ಪಾಠಗಳನ್ನೆಲ್ಲ ಅವಳು ಗಮನವಿಟ್ಟು ಕೇಳಿದಳು. ಸರಿಯಾದುದು ಯಾವುದು ಎಂದು ಚೆನ್ನಾಗಿ ಗೊತ್ತಿಲ್ಲದೆ ತಪ್ಪನ್ನು ಚೆನ್ನಾಗಿ ಹೇಳಿಕೊಡುವುದಕ್ಕೆ ಆಗುವುದಿಲ್ಲ. ಒಂದು ವಿಷಯ ಮಾತ್ರ ಅವಳು ತನಗೆ ತಾನೇ ಖಚಿತ ಮಾಡಿಕೊಂಡಳು. ಪರೀಕ್ಷೆಯ ಫೈಲುಗಳೆಲ್ಲ ಕಟ್ಟಿದ ಕತೆಗಳು, ಅದರಲ್ಲಿರುವ ರೋಗಿಗಳು ಹುಟ್ಟಿದವರೇ ಅಲ್ಲ. ಯಾವ ಜೀವಕ್ಕೂ ನೋವಾಗದು. ಆಗುವುದಾದರೆ ಒಬ್ಬನಿಗೇ.

ಬೆಳಿಗ್ಗೆ ಅವನು ತಿಂಡಿ ತಿನ್ನುವಾಗ ಪಾಠ ನಡೆಯುತ್ತಿತ್ತು.

"ಹೊಸ ಕೈಪಿಡೀಲಿ ಎಲ್ಲ ಬದಲಾಗಿದೆ ರೀ. ಫೈಲಲ್ಲಿ ಸಕ್ಕರೆ ಕಾಯಿಲೆ ವಿಷಯ ಏನೂ ಬರೆದಿಲ್ಲ ಅಂತ ಇಟ್ಕೊಳ್ಳಿ. ಏನು ಹಾಕ್ತೀರಿ?"

"ಮೊದಲು 'ದಾಖಲಾಗಿಲ್ಲ' ಅಂತ ಹಾಕ್ತಿದ್ವಿ, ಅಲ್ವಾ?"

"ಈಗ ಹಾಗಲ್ಲ. 'ಇಲ್ಲ' ಅಂತ ಹಾಕಬೇಕು. ಇದ್ದಿದ್ರೆ ಡಾಕ್ಟರು ಬರೀತಿರಲಿಲ್ವಾ?"

"ಅದೂ ಸರೀನೇ" ಎಂದು ಅವನು ಬ್ರೆಡ್ಡು ಕಚ್ಚಿದ.

"ಬಂದ ಸಮಯ ಅಂದ್ರೆ ವಾರ್ಡಿಗೆ ಸೇರಿಸಿದ ಸಮಯ. ಎಮರ್ಜೆನ್ಸಿ ಬಾಗಿಲಿಗೆ ಬಂದಿದ್ದು ಲೆಕ್ಕಕ್ಕಿಲ್ಲ."

"ಹೂಂ."

"ಬಿ.ಪಿ. ಎಷ್ಟೋ ಸಲ ನೋಡಿರ್ತಾರೆ. ಎಲ್ಲಕ್ಕಿಂತ ಚೆನ್ನಾಗಿರೋದನ್ನ ಹಾಕಿ. ಆಮೇಲೆ ಒಂದೇ ಫೈಲನ್ನ ಇಬ್ಬರಿಗೆ ಕೊಡ್ತಾರೆ, ಇಬ್ಬರ ಉತ್ತರ ಹೊಂದುತ್ತಾ ಅಂತ ನೋಡೋಕೆ. ಹೊಂದಲೇಬೇಕು. ಅದಕ್ಕೆ ಕಳಿಸೋ ಮುಂಚೆ ಇಬ್ಬರೂ ಫೋನಲ್ಲಿ ಮಾತಾಡಿಕೊಂಡು ಒಂದೇ ಥರ ತುಂಬಬೇಕು."

"ಅದು ಒಳ್ಳೇದಾಯ್ತು ಬಿಡು. ಮೊದಲು ಒಬ್ಬರಿಗೊಬ್ಬರು ಬಾಯಿ ಬಿಡೋ ಹಾಗಿರಲಿಲ್ಲ." ಅವನು ಕೈ ತೊಳೆದು, ಅವಳ ಗಲ್ಲ ತಟ್ಟಿ ಹೋದ. "ನೀನಿಲ್ಲದಿದ್ರೆ ನನ್ನ ಗತಿ ಏನೇ!"

ಅವನ ಚಪ್ಪಲಿ ಸದ್ದು ಮೆಟ್ಟಿಲಿಳಿದ ಮೇಲೆ ಅತ್ತೆ ದಿವಾನದಿಂದಲೇ ಕೇಳಿದರು. "ಏನಮ್ಮಾ, ಬರೆದಿಲ್ಲ ಅಂದ್ರೆ ಇಲ್ಲ ಅಂತಲ್ಲ, ಗೊತ್ತಿಲ್ಲ ಅಂತ ಅರ್ಥ ಅಂತ ಆ ಪಾಠದ ಹೆಂಗಸು ನಿನ್ನೆ ತಾನೇ ಹೇಳಿದ ಹಾಗಿತ್ತಲ್ಲ?"

ಸಿಸ್ಟರ್ ತಟ್ಟೆ ಎತ್ತುತ್ತಿದ್ದವಳು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅತ್ತೆ ಕೋಲನ್ನು ಗೋಡೆಗೆ ಒರಗಿಸಿದರು. "ನನ್ನ ಮಲಮೂತ್ರ ಎತ್ತೋಕೆ ಅಂತ ಕೆಲಸ ಬಿಟ್ಟವಳು ನೀನು. ಅದಕ್ಕೆ ಅವನು ಕಟ್ಟಿದ ಕತೆ ಅವತ್ತು ನಾನೂ ಕೇಳಿದೆ" ಎಂದರು. ಸ್ವಲ್ಪ ತಡೆದು, "ನನ್ನ ಕಿವಿ ಈಚೆಗೆ ಮಂದ. ಏನು ಕೇಳಿಸ್ತೋ ಏನೋ" ಎಂದು ಗೋಡೆಯ ಕಡೆ ಹೊರಳಿದರು.

ಪರೀಕ್ಷೆ ಶನಿವಾರ ಬೆಳಿಗ್ಗೆ, ಅವರವರ ಮನೆಯಿಂದಲೇ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಲ್ಯಾಪ್‌ಟಾಪನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ತೋರಿಸಬೇಕು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಮದುಮಗನ ಹಾಗೆ ಕೂತ. ಅತ್ತೆ ಸೊಸೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸಲು ಕೂತರು. ನಡುವೆ ಇದ್ದದ್ದು ಒಂದು ಪರದೆ. ಮೊದಲು ಫೈಲು ಬಿಡಿಸಿ ತುಂಬುವುದು ನಡೆಯಿತು. ಉತ್ತರ ಕಳಿಸುವ ಮೊದಲು ಕೊಟ್ಟ ಬಿಡುವಿನಲ್ಲಿ ಮೇಷ್ಟ್ರು ಫೋನಿನಲ್ಲಿ ಮೆಲ್ಲಗೆ ಯಾರ ಜೊತೆಗೋ ಮಾತಾಡಿದ್ದು ಕೇಳಿಸಿತು. ಆಮೇಲೆ ಪರೀಕ್ಷಕರ ದನಿ ಬಂತು. ಬಹಳ ಮೆತ್ತಗಿನ, ಮರ್ಯಾದಸ್ಥ ದನಿ.

"ನಿಮ್ಮಿಂದಲೇ ಶುರು ಮಾಡೋಣ, ನೀವು ಎಲ್ಲರಿಗೂ ಪಾಠ ಹೇಳೋರಂತೆ. ಈ ರೋಗಿಗೆ ಸಕ್ಕರೆ ಕಾಯಿಲೆ 'ಇಲ್ಲ' ಅಂತ ಹಾಕಿದ್ದೀರಿ. ಫೈಲಲ್ಲಿ ಅದು ಎಲ್ಲಿ ಸಿಕ್ತು?"

"ಎಲ್ಲೂ ಬರೆದಿಲ್ಲ ಸರ್. ಅದಕ್ಕೇ ಇಲ್ಲ."

"ಬರೆದಿಲ್ಲ ಅಂದ್ರೆ ಇಲ್ಲ ಅಂತಲಾ?"

"ಇದ್ದಿದ್ರೆ ಡಾಕ್ಟರು ಬರೀತಿದ್ರಲ್ಲ ಸರ್!" ಮೇಷ್ಟ್ರು ನಕ್ಕ. ಹೊಸಬರಿಗೆ ಪಾಠ ಹೇಳುವಾಗ ನಗುವ ನಗು ಅದು.

ಆ ಕಡೆಯಿಂದ ಯಾರೂ ನಗಲಿಲ್ಲ. "ಸರಿ. ಆಸ್ಪತ್ರೆಗೆ ಬಂದದ್ದು ಮಧ್ಯಾಹ್ನ ಅಂತ ಹಾಕಿದ್ದೀರಿ. ಇಂಜೆಕ್ಷನ್ ಕೊಟ್ಟದ್ದು ಬೆಳಿಗ್ಗೆ ಅಂತ ನೀವೇ ಹಾಕಿದ್ದೀರಿ. ಅಂದ್ರೆ, ರೋಗಿ ಆಸ್ಪತ್ರೆಗೆ ಬರೋಕೆ ಮುಂಚೇನೇ ಇಂಜೆಕ್ಷನ್ ಕೊಟ್ಟುಬಿಟ್ಟಿದ್ದಾರೆ?"

ಯಾರೋ ಒಬ್ಬರು ಮೈಕು ಮುಚ್ಚಲು ಮರೆತು ಕಿಸಕ್ಕೆಂದರು. ಅಡುಗೆಮನೆಯಲ್ಲಿ ಅತ್ತೆಯೂ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಮರುಕ್ಷಣವೇ ಅವರ ಮುಖ ಸಣ್ಣದಾಯಿತು. "ಎಷ್ಟಾದ್ರೂ ನನ್ನ ಮಗ ಕಣೇ" ಎಂದು ಪಿಸುಗುಟ್ಟಿದರು. ಸಿಸ್ಟರ್ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಅವಳ ಎದೆ ಕುದಿಯುವ ಹಾಲಿನ ಹಾಗೆ ಉಕ್ಕುತ್ತಿತ್ತು. ಇನ್ನೂ ಕೇಳಲಿ, ಇನ್ನೂ ಕೇಳಲಿ ಎನಿಸುತ್ತಿತ್ತು.

"ಅದು... ಹೊಸ ಕೈಪಿಡೀಲಿ ಹಾಗೇ ಇದೆ ಸರ್."

"ಯಾವ ಅಧ್ಯಾಯದಲ್ಲಿ?"

ಪುಟ ಮಗುಚುವ ಸದ್ದು. ಕೆಮ್ಮು. ಮತ್ತೆ ಪುಟಗಳು. "ಅಧ್ಯಾಯ ಈಗ ಸರಿಯಾಗಿ..."

"ಪರವಾಗಿಲ್ಲ, ಹುಡುಕಬೇಡಿ. ಕೈಪಿಡಿ ಬರೆದದ್ದು ನಾನೇ" ಎಂದಿತು ಆ ಮೆತ್ತಗಿನ ದನಿ.

ಆಗ ಡಾಕ್ಟರಮ್ಮನ ಮಾತು ಕೇಳಿಸಿತು. "ಮೇಷ್ಟ್ರೇ, ನಿಮ್ಮದೂ ಕಾಂಪೌಂಡರದೂ ತಪ್ಪುಗಳು ಕೂಡ ಅಕ್ಷರ ಬಿಡದೆ ಒಂದೇ ಥರ ಇದೆಯಲ್ಲ. ಏನಿದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕಾಂಪೌಂಡರು ಉತ್ಸಾಹದಿಂದ ಹೇಳಿದರು. "ಮೇಡಂ, ಇಬ್ಬರೂ ಮೊದಲು ಮಾತಾಡಿಕೊಂಡೇ ತುಂಬಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ರು. ಅದೇ ಪ್ರಕಾರ ಮಾಡಿದ್ವಿ."

ಸಿಸ್ಟರ್ ಕೈ ನಿಂತಿತು. ಜೋಡಿ ಯಾರೆಂದು ಅವಳು ಯೋಚಿಸಿಯೇ ಇರಲಿಲ್ಲ. ಮೇಷ್ಟ್ರು ತಾನು ಕಲಿತದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯಲ್ಲ, ಎಲ್ಲರ ಮುಂದೆ ಒಪ್ಪಿಸಿ ದೊಡ್ಡವನಾಗುವವನು ಎನ್ನುವುದು ಅವಳಿಗೆ ಗೊತ್ತಿದ್ದೂ ಮರೆತಿತ್ತು.

ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಅವನು ಬಂದ. ಅಂಗಿಯ ಕಂಕುಳು ಒದ್ದೆಯಾಗಿತ್ತು.

"ನೀನು ಹೇಳಿಕೊಟ್ಟಿದ್ದೆಲ್ಲ ತಲೆಕೆಳಗು! ಎಲ್ಲರ ಮುಂದೆ ನನ್ನ ಮಾನ ಹೋಯ್ತು."

"ಹೌದಾ?" ಅವಳು ತಲೆಯೆತ್ತಿದಳು. "ನನಗೆ ಮರೆವು ನೋಡಿ. ಒಬ್ಬರ ಔಷಧ ಇನ್ನೊಬ್ಬರಿಗೆ ಕೊಡೋಳು ನಾನು. ಅಂಥವಳ ಹತ್ತಿರ ಪಾಠ ಹೇಳಿಸಿಕೊಳ್ಳಬಹುದಾ?"

"ಯಾರು ಹೇಳಿದ್ದು?"

ತಪ್ಪಾಯಿತು ಎನ್ನಲಿಲ್ಲ. ಸುಳ್ಳು ಎಂದೂ ಅನ್ನಲಿಲ್ಲ. ಯಾರು ಹೇಳಿದ್ದು ಎಂದ. ಅದನ್ನು ಕೇಳಿದ ಮೇಲೆ ಅವಳೊಳಗೆ ಉಳಿದಿದ್ದ ಚೂರುಪಾರು ಅಳುಕೂ ಸತ್ತುಹೋಯಿತು.

"ಬೇಕಂತಲೇ ಮಾಡಿದ್ಯಾ?"

"ಬೇಕಂತಲೇ ಮಾಡಿದೆ. ಪ್ರತಿ ಮಾತೂ ಯೋಚನೆ ಮಾಡಿ ಹೇಳಿಕೊಟ್ಟೆ."

"ನೀನು ಆ ಆಫೀಸಿಗೆ ಬಂದಿದ್ರೆ ನನ್ನ ಗತಿ ಏನಾಗ್ತಿತ್ತು, ಅದನ್ನ ಯೋಚನೆ ಮಾಡಿದ್ಯಾ? ಪಾಠ ಎಲ್ಲ ಯಾರದು ಅಂತ ನಾಲ್ಕು ದಿನದಲ್ಲಿ ಗೊತ್ತಾಗ್ತಿತ್ತು!"

"ನಿಮ್ಮದಲ್ಲ ಅಂತ ಈಗ ಒಂದೇ ಬೆಳಿಗ್ಗೆಗೆ ಗೊತ್ತಾಯ್ತು."

ಅವನು ಅಮ್ಮನ ಕಡೆ ತಿರುಗಿದ. "ನೋಡಮ್ಮಾ ಇವಳನ್ನ!" ಅಮ್ಮ ಬಟಾಣಿಯ ಬುಟ್ಟಿಯನ್ನು ಮಗನ ಕಡೆ ತಳ್ಳಿದರು. "ಸಿಪ್ಪೆ ಹೊರಗೆ ಹಾಕಿ ಬಾ" ಎಂದರು, ಅಷ್ಟೇ.

ಸಂಜೆ ಫೋನು ಬಂತು. ಕಾಂಪೌಂಡರು. "ಸಿಸ್ಟರ್, ಮೇಷ್ಟ್ರು ಹುಷಾರಾಗಿದ್ದಾರಾ? ಊಟ ಮಾಡಿದ್ರಾ? ನಾನು ಬಾಯಿ ಬಿಡಬಾರದಿತ್ತೇನೋ. ಪಾಪ, ತುಂಬ ನೊಂದುಕೊಂಡಿರ್ತಾರೆ."

"ನಿಮ್ಮದೇನಾಯ್ತು?"

"ನನ್ನದೇನು ಬಿಡಿ. ಇನ್ನೂ ಖಾಯಂ ಆಗಿರಲಿಲ್ಲವಲ್ಲ, ಸೋಮವಾರದಿಂದ ಬರಬೇಡಿ ಅಂದ್ರು. ಮನೆಯಲ್ಲಿ ಹೇಳಬೇಕು, ಹೇಗೆ ಹೇಳೋದು ಅಂತ ಪಾರ್ಕಲ್ಲಿ ಕೂತಿದ್ದೀನಿ. ಹೋಗಲಿ, ಮೇಷ್ಟ್ರಿಗೆ ಧೈರ್ಯ ಹೇಳಿ."

ಗಂಡನ ಮೇಲೆ ಎಸೆದ ಕಲ್ಲು ಅವನನ್ನು ಸವರಿಕೊಂಡು ಹೋಗಿ, ತನಗೆ ಸತ್ಯ ಹೇಳಿದ ಒಬ್ಬನೇ ಮನುಷ್ಯನ ಹಣೆಗೆ ಬಡಿದಿತ್ತು.

ಸೋಮವಾರ ಬೆಳಿಗ್ಗೆ ಅವಳು ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿದ್ದಳು. ಒಳಗೆ ಫೈಲು ತುಂಬಿದ ತಳ್ಳುಗಾಡಿಗಳು, ಕಿಟಕಿಯ ಮೇಲೆ ಗೊರಗೊರ ಎನ್ನುವ ಎ.ಸಿ. ಮೇಷ್ಟ್ರ ಹೆಂಡತಿ ಎಂದು ಕೇಳಿದ ಕೂಡಲೇ ಡಾಕ್ಟರಮ್ಮ, ಕಾಯಿಲೆಯವರನ್ನು ಕೂರಿಸುವ ಹಾಗೆ ಕುರ್ಚಿ ಎಳೆದುಕೊಟ್ಟರು. ಅದೇ ಅವಳ ನಾಲಿಗೆಯನ್ನು ಸಡಿಲಿಸಿತು. ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ಹಳೆಯ ತರಬೇತಿ ಮಾಡಿದ್ದು ತಾನು, ಪಾಠಗಳು ತನ್ನವು, ತನಗೆ ಮರೆವಿಲ್ಲ, ಯಾರಿಗೂ ಔಷಧ ತಪ್ಪಿ ಕೊಟ್ಟಿಲ್ಲ, ಈ ಸಲ ತಪ್ಪು ಹೇಳಿಕೊಟ್ಟದ್ದು ಸೇಡಿಗೆ.

"ಕಾಂಪೌಂಡರಿಗೆ ಇದ್ಯಾವುದೂ ಗೊತ್ತಿಲ್ಲ ಮೇಡಂ. ಅವರಿಗೆ ಇನ್ನೊಂದು ಸಲ ಪರೀಕ್ಷೆ ಕೊಡಿ. ಅದನ್ನ ಕೇಳೋಕೆ ಬಂದೆ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಗಂಟೆ ಒತ್ತಿ ಮೇಷ್ಟ್ರನ್ನು ಕರೆಸಿದರು. ಅವನು ಬಂದವನು ಹೆಂಡತಿಯನ್ನು ಕಂಡು ಬಾಗಿಲಲ್ಲೇ ನಿಂತ.

"ಒಂದೇ ಪ್ರಶ್ನೆ ಮೇಷ್ಟ್ರೇ. ಇವರು ರೋಗಿಗೆ ಔಷಧ ತಪ್ಪಿ ಕೊಟ್ಟಿದ್ದು ನಿಜಾನಾ?"

ಉತ್ತರ ಬೇಕಾದಾಗಲೆಲ್ಲ ಅವಳ ಮುಖ ನೋಡಿ ಅವನಿಗೆ ಅಭ್ಯಾಸ. ಈಗಲೂ ನೋಡಿದ. ಅವಳು ಕಿಟಕಿಯಾಚೆಗೆ ನೋಡುತ್ತಾ ಕೂತಳು. ಅವನು ಅಷ್ಟು ಹೊತ್ತು ನಿಂತದ್ದು, ಎ.ಸಿ. ಗೊರಗೊರ ಎಂದದ್ದು, ಹೊರಗಿನ ಮೇಜುಗಳಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ನಿಂತು ಎಲ್ಲರೂ ಕಿವಿಗೊಟ್ಟದ್ದು, ಇದನ್ನೆಲ್ಲ ಅವಳು ಸಕ್ಕರೆಯ ಹಾಗೆ ಚಪ್ಪರಿಸಿದಳು.

"ಇಲ್ಲ" ಎಂದ ಅವನು.

"ಜೋರಾಗಿ ಹೇಳಿ."

"ಇಲ್ಲ ಮೇಡಂ. ಸುಳ್ಳು ಹೇಳಿದ್ದೆ."

ಅವನನ್ನು ಕಳಿಸಿದ ಮೇಲೆ ಡಾಕ್ಟರಮ್ಮ ಹೇಳಿದರು. "ಕಾಂಪೌಂಡರಿಗೆ ಇನ್ನೊಂದು ಪರೀಕ್ಷೆ ಆಗುತ್ತೆ. ನಿಮ್ಮ ಯಜಮಾನರು ಇನ್ನು ಮೇಲೆ ಪಾಠ ಹೇಳೋದಿಲ್ಲ. ಮೊದಲನೇ ಪಾಠದಿಂದ ಕೂತು ಕಲೀಲಿ, ಅಲ್ಲೀವರೆಗೂ ಫೈಲಿನ ಗಾಡಿ ತಳ್ಳಲಿ." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ವಿಷಯ. ನಿಮ್ಮಂಥವರು ನನಗೆ ಬೇಕು. ಆದ್ರೆ ಕೆಲಸ ಕೊಡೋದಿಲ್ಲ. ಬೇಕಂತ ತಪ್ಪು ಹೇಳಿಕೊಡಬಲ್ಲವರ ಕೈಗೆ ಫೈಲು ಕೊಟ್ಟು ನಾನು ನೆಮ್ಮದಿಯಾಗಿರೋದು ಹೇಗೆ, ನೀವೇ ಹೇಳಿ."

ಅವಳು ಎದ್ದಳು. "ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿರಲಿಲ್ಲ ಮೇಡಂ" ಎಂದಳು. ಹೇಳಿದ್ದು ಮನಸಾರೆ. ದಾರಿಯುದ್ದಕ್ಕೂ ತನ್ನ ಮನಸ್ಸನ್ನು ತಡಕಿ ನೋಡಿದಳು. ಕಾಂಪೌಂಡರ ವಿಷಯದಲ್ಲಿ ನಾಚಿಕೆ ಇತ್ತು. ಕೈತಪ್ಪಿದ ಕೆಲಸದ ಬಗ್ಗೆ ಸಂಕಟವಿತ್ತು. ಗಂಡನ ಬಗ್ಗೆ ಸಾಸಿವೆಯಷ್ಟೂ ಪಶ್ಚಾತ್ತಾಪ ಸಿಗಲಿಲ್ಲ.

ಅವಳು ಬೀದಿಯ ಕೊನೆಯ ಸಣ್ಣ ಕ್ಲಿನಿಕ್ಕಿಗೆ ನರ್ಸಾಗಿ ಸೇರಿದಳು. ಅವಳು ಹೊರಟಾಗ ಅತ್ತೆ ಬಾಗಿಲವರೆಗೆ ಬಂದು, "ಮಧ್ಯಾಹ್ನದ ಊಟ ಅವನು ಬಿಸಿ ಮಾಡಿ ಕೊಡ್ತಾನೆ, ನೀನು ಹೋಗು" ಎನ್ನುತ್ತಾರೆ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದಾರೆ, ಬೇಕಾದಷ್ಟೇ ಮಾತಾಡುತ್ತಾರೆ. ಅವಳ ಹಾಸಿಗೆ ಅತ್ತೆಯ ಕೋಣೆಗೆ ಬಂದಿದೆ. ಹಗಲೆಲ್ಲ ಗಾಡಿ ತಳ್ಳಿ ಬಂದವನು ಸಂಜೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಡುಮನೆಯಲ್ಲಿ ಕೂತು ಅದೇ ಪಾಠಗಳನ್ನು ಕೇಳುತ್ತಾನೆ. ಒಂದು ಪರೀಕ್ಷೆಯಲ್ಲಿ ಬಿದ್ದಿದ್ದಾನೆ, ಇನ್ನೊಂದು ಬರಲಿದೆ.

ಕಾಂಪೌಂಡರು ಮರುಪರೀಕ್ಷೆಯನ್ನು ಮೊದಲ ಸಲವೇ ದಾಟಿದರು. ಅವಳು ಅವರ ಮನೆಗೇ ಹೋಗಿ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದಾಗ ಅವರು "ಹಾಗಾದ್ರೆ ಸಾಲ ತೀರಿಸಿ, ಸರಿಯಾಗಿ ಹೇಳಿಕೊಡಿ" ಎಂದಿದ್ದರು. ಅದಕ್ಕೇ ಸಂಜೆ ಹೊತ್ತು ಫೋನು ಮಾಡುತ್ತಾರೆ.

"ಸಿಸ್ಟರ್, ಇವತ್ತೊಂದು ಫೈಲಲ್ಲಿ ಎರಡು ಕಡೆ ಎರಡು ಸಮಯ ಇತ್ತು. ಯಾವುದನ್ನ ನಂಬಬೇಕು?"

ಅವಳು ಅಡುಗೆಮನೆಯಲ್ಲಿ ಕೂತು, ಆ ಪಾಠದ ಹೆಂಗಸಿನ ಹಾಗೆಯೇ ಬಿಡಿಸಿ ಬಿಡಿಸಿ ಹೇಳುತ್ತಾಳೆ. ನಡುಮನೆಯಲ್ಲಿ ಗಂಡ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು, ಪೆನ್ಸಿಲು ಹಿಡಿದು, ಉಸಿರು ಬಿಗಿಹಿಡಿದು ಇತ್ತ ಕಿವಿಯಾಗಿರುವುದು ಅವಳಿಗೆ ಕಾಣುತ್ತದೆ. ಪರದೆ ಇದ್ದ ಜಾಗಕ್ಕೆ ಅವಳು ಈಚೆಗೆ ಬಾಗಿಲು ಹಾಕಿಸಿದ್ದಾಳೆ.

"ಒಂದು ನಿಮಿಷ ಇರಿ" ಎಂದು ಕಾಂಪೌಂಡರಿಗೆ ಹೇಳಿ, ಎದ್ದು ಹೋಗಿ ಆ ಬಾಗಿಲು ಮುಚ್ಚಿ ಬರುತ್ತಾಳೆ.